ಸುಳ್ಳು ಇಸವಿ ಅಚ್ಚು ಹಾಕಿಸಿದ ಇತಿಹಾಸಕಾರ

ಪ್ರೀತಿಯ ಗೆಳೆಯ,

ಹೋದ ಸಲ ಕೂಟಶಾಸನಗಳ, ಅಂದರೆ ಖೋಟಾ ಶಾಸನಗಳ, ವಿಷಯಕ್ಕೆ ಜಗಳವಾಡಿದೆವಲ್ಲ. ಸುಳ್ಳು ಕಾಲ ಬರೆಸಿದವನನ್ನು ಕ್ಷಮಿಸಲೇಬಾರದು ಎಂದು ನೀನು ಮೇಜು ಗುದ್ದಿದೆ. ಇಗೋ, ನಿನಗೊಬ್ಬ ಪಾದ್ರಿಯ ಕಥೆ.

ಹೆಸರು ಮೋತಿಯೇಯುಸ್ ವಲಾಂಚ್ಯುಸ್. 1801ರಲ್ಲಿ ಲಿಥುವೇನಿಯಾದ ನಾಸ್ರೇನೈ ಹಳ್ಳಿಯ ಅನುಕೂಲವಂತ ರೈತರ ಮನೆಯಲ್ಲಿ ಹುಟ್ಟಿದ. ರೈತನ ಮಗನಿಗೆ ದೊಡ್ಡ ಓದು ದಕ್ಕುವುದು ಕಷ್ಟವೆಂದು ಹೆತ್ತವರು ಜನನದ ದಾಖಲೆ ತಿದ್ದಿಸಿ, ಹುಡುಗನನ್ನು ಕುಲೀನ ಮನೆತನದವನನ್ನಾಗಿ ಮಾಡಿದರು. ಬದುಕು ಶುರುವಾದದ್ದೇ ಕೂಟದಾಖಲೆಯಿಂದ, ನೋಡು!

1828ರಲ್ಲಿ ಪಾದ್ರಿಯಾದ, 1850ರಲ್ಲಿ ಪಶ್ಚಿಮ ಲಿಥುವೇನಿಯಾದ ಝೆಮೈತಿಯಾ ಪ್ರಾಂತದ ಬಿಷಪ್ ಆದ. ಅದಕ್ಕೆ ಮೊದಲೇ, 1848ರಲ್ಲಿ, ಆ ಧರ್ಮಪ್ರಾಂತದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದು ಮುಗಿಸಿದ್ದ. ಓದಿದವರೆಲ್ಲ ಪೋಲಿಷ್ ಭಾಷೆಗೆ ಒಲಿದಿದ್ದ ಕಾಲದಲ್ಲಿ ಈತ ಬರೆದದ್ದು ಉಳುವವರ ಮಾತಾದ ಲಿಥುವೇನಿಯನ್ ಭಾಷೆಯಲ್ಲಿ. ಬಿಷಪ್ಪರ ಸಾಲು ಒಪ್ಪಿಸಿ ಸುಮ್ಮನಾಗದೆ ಚರ್ಚು, ಮಠ, ಶಾಲೆಗಳವರೆಗೂ ಹೋದ. 1858ರಿಂದ ಜನರಿಗೆ ಹೆಂಡ ಬಿಡಿಸಲು ಹೊರಟು ಸರ್ಕಾರದ ಅಬಕಾರಿ ಆದಾಯಕ್ಕೂ ಕುತ್ತು ತಂದ. ಅದು ಬೇರೆಯೇ ಕಥೆ.

ಆಗ ಲಿಥುವೇನಿಯಾ ರಷ್ಯಾದ ಕೈಯಲ್ಲಿತ್ತು. ಅದರ ವಿರುದ್ಧ ಎದ್ದ 1863ರ ದಂಗೆ ಅಡಗಿದ ಮೇಲೆ ರಷ್ಯಾದ ಆಡಳಿತ ಲಿಥುವೇನಿಯನ್ ಪುಸ್ತಕಗಳಿಗೆ ಲ್ಯಾಟಿನ್ ಅಕ್ಷರಗಳನ್ನು ನಿಷೇಧಿಸಿತು. ಭಾಷೆ ಇರಲಿ, ಲಿಪಿ ಮಾತ್ರ ರಷ್ಯನ್ನರದೇ ಆಗಲಿ ಎಂಬ ಉಪಾಯ. ಬಿಷಪ್ಪನನ್ನು ವಾರ್ನ್ಯೈ ಊರಿನಿಂದ ಎಬ್ಬಿಸಿ ಕೌನಸ್‌ಗೆ ತಂದು ಕೂರಿಸಿದರು. ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಈತ ಕುಳಿತಲ್ಲಿಂದಲೇ ಗಡಿಯಾಚೆಯ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಗಡಿ ಕಾವಲಿನವರ ಕಣ್ಣು ತಪ್ಪಿಸಿ ಗಂಟುಗಳನ್ನು ಈಚೆಗೆ ತರಲು ಜನ ಸಿದ್ಧರಾದರು.

ಈಗ ಆ ಕಾಲದ ಕಳ್ಳ ಪ್ರಾರ್ಥನಾ ಪುಸ್ತಕಗಳ ಶೀರ್ಷಿಕೆ ಪುಟ ತೆರೆ. ಅಚ್ಚಾದದ್ದು ಪ್ರಷ್ಯಾದ ಟಿಲ್ಸಿಟ್‌ನಲ್ಲಿ, ಪುಟದಲ್ಲಿರುವುದು ವಿಲ್ನಿಯುಸ್‌ನ ಜವಾದ್ಸ್ಕಿ ಮುದ್ರಣಾಲಯದ ಹೆಸರು, ನಿಷೇಧಕ್ಕಿಂತ ಹಿಂದಿನ ಒಂದು ಇಸವಿ. ಪೊಲೀಸರ ಕೈಗೆ ಸಿಕ್ಕರೆ "ಹಳೆಯ ಪುಸ್ತಕ ಸ್ವಾಮಿ, ಅಜ್ಜಿಯದು" ಎನ್ನಬಹುದಲ್ಲ! ಇಸವಿಗಳನ್ನು ಜೋಡಿಸಿ ಎರಡು ಸಂಪುಟ ಬರೆದವನ ಸಾಗಣೆಯಲ್ಲಿ ಇಂಥ ಸರಕು. ನನಗಂತೂ ನಗು ತಡೆಯಲಾಗಲಿಲ್ಲ.

ಆದರೆ ನಗುವ ಸಂಗತಿಯಷ್ಟೇ ಅಲ್ಲ. 1870ರ ಸುಮಾರಿಗೆ ಜಾಲ ಬಯಲಾಯಿತು. ಪಾದ್ರಿಗಳೂ ಸೇರಿ ಹಲವರು ಗಡಿಪಾರಾದರು. ವಲಾಂಚ್ಯುಸ್ 1875ರಲ್ಲಿ ಕೌನಸ್‌ನಲ್ಲೇ ತೀರಿಕೊಂಡ. ನಿಷೇಧ ತೆರವಾಗಲು 1904 ಬರಬೇಕಾಯಿತು.

ಭಾನುವಾರ ಬರುತ್ತೇನೆ. ಮೇಜು ಗಟ್ಟಿಯಾಗಿರಲಿ.

ನಿನ್ನ ಗೆಳೆಯ