ಸರ್ಟಿಫಿಕೇಟ್ ಈಗಲೇ ಮಾಡಿಸಿಟ್ಟುಕೊಳ್ಳಿ

ಎಲ್ಲರಿಗೂ ನಮಸ್ಕಾರ. ಶಿಕ್ಷಕರ ನೇಮಕಾತಿಗೆ ಓದುತ್ತಿರುವ ತೀರ್ಥಹಳ್ಳಿ, ಹೊಸನಗರದ ಗೆಳೆಯರೆಲ್ಲ ದಯವಿಟ್ಟು ಪೂರ್ತಿ ನೋಡಿ.

ಜಾತಿ-ಆದಾಯ, ಗ್ರಾಮೀಣ (ಹಳ್ಳಿಯಲ್ಲಿ ಓದಿದ್ದಕ್ಕೆ), ಕನ್ನಡ ಮಾಧ್ಯಮದ ಪತ್ರಗಳು ಅರ್ಜಿಯ ಕೊನೇ ದಿನದೊಳಗೆ ಕೈಯಲ್ಲಿರಲಿ. ತಡವಾದರೆ ಅಂಕ ಹಾಗೇ ಇರುತ್ತದೆ, ಮೀಸಲಾತಿ ಕೈತಪ್ಪಿ ಪಟ್ಟಿಯಲ್ಲಿ ಹಿಂದೆ ಬೀಳಬಹುದು. ಕಳೆದ ಸಲ ನನ್ನ ಗ್ರಾಮೀಣ ಪತ್ರದಲ್ಲಿ ಹೆಡ್‌ಮಾಸ್ಟರ್ ಸಹಿ ಇತ್ತು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರಲಿಲ್ಲ. ಪರಿಶೀಲನೆ ದಿನ ಟೇಬಲ್ ಮುಂದೆ ನಿಂತಾಗಲೇ ಗೊತ್ತಾಗಿದ್ದು. ಆ ಸಂಕಟ ನಿಮಗೆ ಬೇಡ.

ಮದುವೆಯಾದ ಅಕ್ಕ-ತಂಗಿಯರೇ, 2022ರ 15,000 ಹುದ್ದೆಗಳ ನೇಮಕಾತಿಯಲ್ಲಿ ಜಾತಿ-ಆದಾಯ ಪತ್ರಕ್ಕೆ ತಂದೆಯ ಆದಾಯವೋ ಗಂಡನದೋ ಎಂಬುದು ಹೈಕೋರ್ಟ್‌ವರೆಗೆ ಹೋಗಿತ್ತು. ಅಧಿಸೂಚನೆ ಓದಿಯೇ ಮಾಡಿಸಿ.

ಮಳೆ ಹಿಡಿದರೆ ನಾಡಕಚೇರಿಯಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ, ಅಲ್ವಾ? ಸೋಮವಾರ ಬೆಳಿಗ್ಗೆಯೇ ಒಟ್ಟಿಗೆ ಹೋಗೋಣ. ಯಾರಿಗೆ ಯಾವ ಪತ್ರ ಬಾಕಿ ಇದೆ ಅಂತ ಭಾನುವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ.