ಸುದರ್ಶಿನಿ ಏರುತ್ತಿರುವ ಮಗಳಿಗೊಂದು ಪತ್ರ

ಪ್ರೀತಿಯ ಕೂಸೇ,

ನಾಡಿದ್ದು ನೌಕಾಪಡೆಯ ತರಬೇತಿ ಹಾಯಿಹಡಗು ಸುದರ್ಶಿನಿ ಕೊಚ್ಚಿಯ ಜೆಟ್ಟಿ ಬಿಟ್ಟರೆ ಸೇಶೆಲ್ಸ್‌ನ ವಿಕ್ಟೋರಿಯಾ ಬಂದರು ಮುಟ್ಟುವವರೆಗೆ ನಿನ್ನ ಫೋನ್ ಸುಮ್ಮನಿರುತ್ತದೆ. ಮೊನ್ನೆ ಅರ್ಧಕ್ಕೇ ನಿಂತ ಮಾತಿನ ಉಳಿದರ್ಧವನ್ನು ಮೇಲ್ ಮಾಡುತ್ತಿದ್ದೇನೆ. ಹೊರಡುವ ಮೊದಲು ಡೌನ್‌ಲೋಡ್ ಮಾಡಿಕೋ. ಭುಜದ ನೆಪ ಹೇಳಿ ಹಾಯಿಯ ಮಾಸ್ಟ್ ಕಂಬ ಹತ್ತುವ ಕೆಲಸ ತಪ್ಪಿಸಿಕೋ ಎಂದೆ ನಾನು. "ಅಪ್ಪಾ, ನಾನು ಹೋಗ್ತಾ ಇರೋದೇ ಅದಕ್ಕೆ" ಎಂದು ಕಟ್ ಮಾಡಿದೆ ನೀನು. ಡಾಕ್ಟರು ಫಿಟ್ ಎಂದು ಬರೆದುಕೊಟ್ಟ ಮೇಲೆ ಆ ಮಾತು ನನ್ನ ಬಾಯಲ್ಲಿ ಬರಬಾರದಿತ್ತು. ಹತ್ತು. ಹೇಗೆ ಹತ್ತಬೇಕು ಎಂಬುದನ್ನು ಮಾತ್ರ ಈ ಸಲ ಪೂರ್ತಿ ಕೇಳು.

ಅಮ್ಮನ ಮೇಲೆ ಸಿಟ್ಟಾಗಬೇಡ. 2025ರ ಮೇ 17ರಂದು ಮೆಕ್ಸಿಕೋ ನೌಕಾಪಡೆಯ ತರಬೇತಿ ಹಾಯಿಹಡಗು ಕ್ವಾವ್ಟೆಮೋಕ್ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ಬಡಿದು ಮೂರೂ ಮಾಸ್ಟ್ ಮುರಿದ ವಿಡಿಯೊ ನೋಡಿದಾಗಿನಿಂದ ಅವಳಿಗೆ ಹಾಯಿಹಡಗು ಎಂದರೆ ಅದೇ. ಕೆಡೆಟ್‌ಗಳು ಬಂದರು ಬಿಡುವ ಗೌರವಕ್ಕಾಗಿ ಮಾಸ್ಟಿಗೆ ಅಡ್ಡಲಾಗಿ ಹಾಯಿ ಹೊರುವ ಯಾರ್ಡ್ ದೂಲಗಳ ಮೇಲೆ ಸಾಲಾಗಿ ನಿಂತಿದ್ದರು. ಇಬ್ಬರು ಸತ್ತರು. ಹಡಗು ಹಿಮ್ಮುಖವಾಗಿ ಸೇತುವೆಗೆ ಹೋಗಿದ್ದರಲ್ಲಿ ಮೇಲೆ ನಿಂತ ಮಕ್ಕಳ ಪಾಲು ಏನೂ ಇರಲಿಲ್ಲ. ನನ್ನನ್ನು ಕಾಡುವುದು ಅದೇ. ಮೇಲೆ ನಿಂತವರ ಕೈಯಲ್ಲಿ ಹಡಗು ಇರುವುದಿಲ್ಲ, ಅವರ ಕೈಯಲ್ಲಿ ಇರುವುದು ಮೈಗೆ ಕಟ್ಟಿದ ಹಾರ್ನೆಸ್ ಪಟ್ಟಿಯನ್ನು ಹಗ್ಗಕ್ಕೆ ಸಿಕ್ಕಿಸುವ ತಮ್ಮ ಕ್ಲಿಪ್ ಒಂದೇ.

ಹಡಗಿನ ಬಗ್ಗೆ ನನಗೆ ಚಿಂತೆಯಿಲ್ಲ. ಗೋವಾ ಶಿಪ್‌ಯಾರ್ಡ್ ಕಟ್ಟಿದ ಉಕ್ಕಿನ ಒಡಲು, 54 ಮೀಟರ್ ಉದ್ದ, 20 ಹಾಯಿ, ಏಳೂವರೆ ಕಿಲೋಮೀಟರ್ ಹಗ್ಗ. 2012ರ ಜನವರಿ 27ರಂದು ನೌಕಾಪಡೆಗೆ ಸೇರಿ ಅದೇ ವರ್ಷ ಆಗ್ನೇಯ ಏಷ್ಯಾಕ್ಕೆ ಹೊರಟ ಹಡಗು ಅದು. ನಿನ್ನ ದಾರಿ ಸುಮಾರು 1500 ನಾಟಿಕಲ್ ಮೈಲಿ. ಸರಾಸರಿ 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಸಿಕ್ಕರೆ ದಿನಕ್ಕೆ 120 ಮೈಲಿ, ಹನ್ನೆರಡು ಹದಿಮೂರು ದಿನ. ಜನವರಿಯಾದ್ದರಿಂದ ಸಮಭಾಜಕದವರೆಗೆ ಈಶಾನ್ಯದ ಗಾಳಿ ಬೆನ್ನಿಗಿರುತ್ತದೆ, ಅದನ್ನು ದಾಟಿದ ಮೇಲೆ ವಾಯವ್ಯದಿಂದ ಪಕ್ಕಕ್ಕೆ ಬರುತ್ತದೆ. ನಡುವಿನ ಪಟ್ಟಿಯಲ್ಲಿ ಗಾಳಿಯೇ ಇಲ್ಲದ ಗಂಟೆಗಳೂ, ಹತ್ತು ನಿಮಿಷದಲ್ಲಿ ಬಂದು ಹೋಗುವ ಬಿರುಮಳೆಯೂ ಇವೆ.

ಈಗ ಹತ್ತುವ ವಿಷಯ. ಜೇಬು ಖಾಲಿ ಮಾಡು, ಉಂಗುರ ತೆಗೆ, ಕೂದಲು ಬಿಗಿಯಾಗಿ ಕಟ್ಟು. ಚಾಕುವಿಗೂ ಸ್ಪ್ಯಾನರಿಗೂ ಮೈಗೆ ಕಟ್ಟುವ ಲ್ಯಾನ್ಯಾರ್ಡ್ ದಾರ ಇರಲಿ. ಮೇಲಿಂದ ಜಾರಿದ ಸ್ಪ್ಯಾನರ್ ಕೆಳಗಿನವರ ತಲೆ ಒಡೆಯುತ್ತದೆ. ವಾಚ್ ಆಫೀಸರಿಗೆ, ಅಂದರೆ ಆ ಪಾಳಿಯ ಅಧಿಕಾರಿಗೆ, ಹೇಳದೆ ಮಾಸ್ಟನ್ನು ಪಕ್ಕದಿಂದ ಬಿಗಿಹಿಡಿದ ಶ್ರೌಡ್ ಹಗ್ಗ ಮುಟ್ಟಬೇಡ, ಏಕೆಂದರೆ ನೀನು ಹತ್ತುವ ಮೊದಲು ಆ ಯಾರ್ಡನ್ನು ತಿರುಗಿಸುವ ಬ್ರೇಸ್ ಹಗ್ಗಗಳನ್ನು ಎರಡೂ ಕಡೆ ಬಿಗಿದು ಕಟ್ಟಿರಬೇಕು. ಬ್ರೇಸ್ ಸಡಿಲವಿದ್ದರೆ ನೀನು ಕಾಲಿಟ್ಟ ಹೊತ್ತಿಗೇ ಯಾರ್ಡ್ ತಿರುಗುತ್ತದೆ. ಯಾವಾಗಲೂ ಗಾಳಿ ಬರುವ ಬದಿಯಿಂದ ಹತ್ತು. ಹಡಗು ಆಚೆಗೆ ವಾಲುವುದರಿಂದ ಈ ಬದಿಯ ಶ್ರೌಡ್ ಅಷ್ಟು ಕಡಿದಾಗಿರುವುದಿಲ್ಲ, ಗಾಳಿಯೂ ನಿನ್ನನ್ನು ಹಗ್ಗಕ್ಕೆ ಒತ್ತಿ ಹಿಡಿಯುತ್ತದೆ. ಕೈಗೆ ಉದ್ದದ ಶ್ರೌಡ್, ಕಾಲಿಗೆ ಅಡ್ಡದ ರ್‍ಯಾಟ್‌ಲೈನ್. ಇದನ್ನು ಅದಲುಬದಲು ಮಾಡಬೇಡ. ಸವೆದ ರ್‍ಯಾಟ್‌ಲೈನ್ ಕಾಲಡಿಯಲ್ಲಿ ಹರಿದರೂ ಕೈ ಶ್ರೌಡಿನಲ್ಲಿದ್ದರೆ ಉಳಿದುಕೊಳ್ಳುತ್ತೀ.

ನಿನ್ನ ಬಲಭುಜಕ್ಕೆ ಇದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಕೈಯಿಂದ ಮೈ ಎಳೆಯಬೇಡ, ಕಾಲಿನಿಂದ ಏರು. ನಮ್ಮ ತೋಟದಲ್ಲಿ ಕೊನೆಗೌಡ ಅಡಿಕೆ ಮರ ಏರುವುದನ್ನು ಚಿಕ್ಕಂದಿನಿಂದ ನೋಡಿದ್ದೀ. ಅವನ ತೂಕವೆಲ್ಲ ಪಾದಕ್ಕೆ ಹಾಕಿದ ತಳೆಯ ಮೇಲೆ, ಕೈ ಬರೀ ಮೈಯನ್ನು ಮರಕ್ಕೆ ಸೇರಿಸಿಕೊಳ್ಳಲು. ಹಾಗೆಯೇ ಏರು. ಮೊದಲ ಅಟ್ಟಣೆಯ ಕೆಳಗೆ ಫಟಕ್ ಶ್ರೌಡ್ ಬಂದಾಗ ಮಾತ್ರ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ಹಗ್ಗಗಳು ಹೊರಕ್ಕೆ ಚಾಚಿರುತ್ತವೆ, ಬೆನ್ನು ಸಮುದ್ರಕ್ಕೆ ಮಾಡಿ ಕೆಲವು ಹೆಜ್ಜೆ ಏರಬೇಕು, ತೂಕ ಕೈಗೆ ಬರುತ್ತದೆ. ಅಲ್ಲಿಗೆ ತಲುಪುವ ಮೊದಲೇ ನಿಂತು ಎರಡು ಉಸಿರು ತೆಗೆದುಕೋ. ಒಂದು ಕ್ಲಿಪ್ ತಲೆಯ ಮೇಲಿನ ಹಗ್ಗಕ್ಕೆ ಹಾಕಿ, ಎಳೆದು ನೋಡಿ, ಆಮೇಲೆ ಎರಡನೆಯದನ್ನು ಬಿಚ್ಚು. ಅವಸರದಲ್ಲಿ ಎರಡನ್ನೂ ಬಿಚ್ಚಿ ಮೇಲೆ ಹೋಗಿ ಹಾಕಿಕೊಳ್ಳುತ್ತೇನೆ ಎನ್ನುವ ಆ ಎರಡು ಸೆಕೆಂಡ್ ಇದೆಯಲ್ಲ, ನಾನು ಅದರ ಬಗ್ಗೆಯೇ ಹೇಳುತ್ತಿರುವುದು. ಮೂರು ಸಲ ಹೇಳಿದ್ದಕ್ಕೆ ರೇಗಿದೆ, ನಾಲ್ಕನೆಯ ಸಲವೂ ಹೇಳುತ್ತೇನೆ. ಕ್ಲಿಪ್ಪಿನ ಬಾಯಿ ಪೂರ್ತಿ ಮುಚ್ಚಿತೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡು, ಕಣ್ಣನ್ನು ನಂಬಬೇಡ. ಉಪ್ಪು ಕೂತ ಸ್ಪ್ರಿಂಗ್ ಅರ್ಧಕ್ಕೇ ನಿಲ್ಲುತ್ತದೆ. ವಾಚ್ ಮುಗಿದ ಮೇಲೆ ಒಂದು ಲೋಟ ಸಿಹಿನೀರಿನಲ್ಲಿ ಅದನ್ನು ಅಲುಗಿಸಿ ತೊಳೆ. ಕ್ಲಿಪ್ ಸೊಂಟಕ್ಕಿಂತ ಮೇಲಿರಲಿ. ಕಾಲ ಬಳಿ ಹಾಕಿದರೆ ಬೀಳುವ ಎತ್ತರ ದುಪ್ಪಟ್ಟಾಗುತ್ತದೆ, ಹಾರ್ನೆಸ್ ಹಿಡಿದರೂ ಆ ಜಗ್ಗಿಗೆ ಪಕ್ಕೆಲುಬು ಮುರಿಯುತ್ತದೆ.

ಯಾರ್ಡಿನ ಕೆಳಗೆ ತೂಗುವ ಫುಟ್‌ರೋಪಿಗೆ ಕಾಲಿಡುವ ಮೊದಲು "ಸ್ಟೆಪಿಂಗ್ ಆನ್" ಎಂದು ಗಟ್ಟಿಯಾಗಿ ಕೂಗು. ನಿನ್ನ ತೂಕ ಬಿದ್ದ ಕೂಡಲೇ ಅದರ ಮೇಲೆ ಮೊದಲೇ ನಿಂತವರ ಕಾಲು ಮೇಲಕ್ಕೆ ಎದ್ದುಬಿಡುತ್ತದೆ. ಇಳಿಯುವಾಗಲೂ ಕೂಗು. ಹೊಟ್ಟೆಯನ್ನು ಯಾರ್ಡಿನ ಮೇಲೆ ಊರಿ, ಕಾಲನ್ನು ಹಿಂದಕ್ಕೆ ಒದ್ದು ನಿಂತರೆ ಎರಡೂ ಕೈ ಬಿಡುವಾಗುತ್ತವೆ. ಕೆಳಗಿನವರು ಹಾಯಿಯ ಕೆಳಮೂಲೆ ಬಿಗಿಯುವ ಶೀಟ್ ಹಗ್ಗ ಸಡಿಲಿಸಿ, ಕ್ಲೂಲೈನ್ ಬಂಟ್‌ಲೈನ್ ಹಗ್ಗಗಳನ್ನು ಎಳೆದು ಹಾಯಿಯನ್ನು ಯಾರ್ಡಿಗೆ ಮುದುಡಿ ತಂದಿರುತ್ತಾರೆ. ನಿಮ್ಮ ಕೆಲಸ ಅದನ್ನು ಮಡಿಕೆ ಮಡಿಕೆಯಾಗಿ ಮೇಲಕ್ಕೆ ಎಳೆದುಕೊಂಡು ಎದೆಯಡಿ ಒತ್ತಿಹಿಡಿದು ಗ್ಯಾಸ್ಕೆಟ್ ಎಂಬ ಕಟ್ಟುಹಗ್ಗ ಸುತ್ತುವುದು. ಒದ್ದೆ ಹಾಯಿ ಹಲಗೆಯಷ್ಟು ಬಿರುಸು, ಉಗುರು ಕಿತ್ತುಬರುತ್ತದೆ. ಎಲ್ಲರೂ ಒಟ್ಟಿಗೆ ಎಳೆದರೆ ಮಾತ್ರ ಬರುತ್ತದೆ, ಒಬ್ಬಳೇ ಹೀರೋ ಆಗಲು ಹೋದರೆ ಆ ಭುಜ ಮತ್ತೆ ಹೋಗುತ್ತದೆ.

ನಾಲ್ಕು ನಾಲ್ಕು ಗಂಟೆಯ ವಾಚ್ ಪದ್ಧತಿ ನಿನಗೆ ಗೊತ್ತು. ಸಂಜೆ ನಾಲ್ಕರಿಂದ ಎಂಟನ್ನು ಎರಡೆರಡು ಗಂಟೆಯಾಗಿ ಒಡೆಯುವುದರಿಂದ ದಿನಕ್ಕೆ ಆರರ ಬದಲು ಏಳು ವಾಚ್, ಹಾಗಾಗಿ ಮೂರು ತಂಡಗಳ ಸರದಿ ದಿನವೂ ಸರಿಯುತ್ತದೆ. ಇಲ್ಲದಿದ್ದರೆ ಒಂದೇ ತಂಡ ದಿನಾ ರಾತ್ರಿ ಹನ್ನೆರಡರಿಂದ ನಾಲ್ಕು ನಿಲ್ಲಬೇಕಾಗುತ್ತಿತ್ತು. ನಿದ್ದೆಯನ್ನು ಸಾಲ ಮಾಡಬೇಡ. ವಾಚ್ ಮುಗಿದ ಕೂಡಲೇ ಮಲಗು, ಹರಟೆಗೆ ಕೂರಬೇಡ. ನಾಲ್ಕನೆಯ ಐದನೆಯ ದಿನಕ್ಕೆ ಎಲ್ಲರ ನಿದ್ದೆಯೂ ಕೊರತೆ ಬಿದ್ದಿರುತ್ತದೆ, ತಪ್ಪುಗಳು ಶುರುವಾಗುವುದೂ ಆಗಲೇ.

ಚುಕ್ಕಾಣಿಯ ಚಕ್ರ ಹಿಡಿದಾಗ ದಿಕ್ಸೂಚಿಯನ್ನೇ ನೋಡುತ್ತ ಕೂರಬೇಡ, ಮುಂದಿನ ಒಂದು ನಕ್ಷತ್ರವನ್ನೋ ಮೋಡವನ್ನೋ ಹಿಡಿದುಕೋ. ಹಿಂದಿನಿಂದ ಬರುವ ಅಲೆ ಹಡಗಿನ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ತಳ್ಳುತ್ತದೆ, ಚಕ್ರ ತಿರುಗಿಸಿದ್ದಕ್ಕೆ ಹಡಗು ತಡವಾಗಿ ಉತ್ತರ ಕೊಡುತ್ತದೆ. ಅದು ತಿರುಗಲು ಶುರುಮಾಡಿದ ಕೂಡಲೇ ಚಕ್ರ ವಾಪಸ್ ತಾ, ಇಲ್ಲದಿದ್ದರೆ ಹಾವಿನ ಹಾದಿಯಾಗುತ್ತದೆ. ಸಮಭಾಜಕದ ಆಚೆ, ಗಾಳಿ ಪಕ್ಕಕ್ಕೆ ಬಂದ ಮೇಲೆ, ಅಜಾಗರೂಕತೆಯಿಂದ ಗಾಳಿಯ ಕಡೆಗೆ ಮೂತಿ ತಿರುಗಿಸಿದರೆ ಗಾಳಿ ಹಾಯಿಯ ಮುಂದಿನಿಂದ ಬಡಿಯುತ್ತದೆ. ಮಾಸ್ಟ್‌ಗಳನ್ನು ಹಿಂದಿನಿಂದ ಬರುವ ಒತ್ತಡಕ್ಕೆ ಬಿಗಿದಿರುತ್ತಾರೆಯೇ ಹೊರತು ಮುಂದಿನಿಂದ ಬರುವುದಕ್ಕಲ್ಲ.

ರಾತ್ರಿ ಬಿರುಮಳೆ ಬರುವುದನ್ನು ಹೀಗೆ ಗುರುತಿಸು: ದಿಗಂತದ ಒಂದು ಭಾಗದಲ್ಲಿ ನಕ್ಷತ್ರಗಳು ಕಾಣೆಯಾಗುತ್ತವೆ, ರೇಡಾರ್ ಮೇಲೆ ಮಬ್ಬು ಕಲೆ ಬೀಳುತ್ತದೆ, ಮುಖಕ್ಕೆ ಒಮ್ಮೆ ತಣ್ಣನೆ ಗಾಳಿ ತಾಗುತ್ತದೆ. ಮಳೆ ಮೊದಲು ಬಿದ್ದು ಗಾಳಿ ಆಮೇಲೆ ಬರುವಂತಿದ್ದರೆ ಹೆಚ್ಚು ಹೆದರು. ತುದಿಯ ಹಾಯಿಗಳನ್ನು ಮೊದಲು ಇಳಿಸಬೇಕು, ಗಾಳಿ ತಾಗಿದ ಮೇಲಲ್ಲ, ಅದಕ್ಕೆ ಮೊದಲೇ. ಆಗ ಕತ್ತಲಲ್ಲಿ ನಿನ್ನ ಕೈ ಹುಡುಕದೆ ಹಗ್ಗ ಸುತ್ತಿಡುವ ಸರಿಯಾದ ಪಿನ್ ಗೂಟದ ಮೇಲೆ ಬೀಳಬೇಕು. ಮೊದಲ ಎರಡು ದಿನ ಬಿಡುವಾದಾಗಲೆಲ್ಲ ಪಿನ್‌ರೇಲ್ ಉದ್ದಕ್ಕೂ ಕಣ್ಣು ಮುಚ್ಚಿ ನಡೆದು ಒಂದೊಂದೇ ಹಗ್ಗ ಮುಟ್ಟಿ ಹೆಸರು ಹೇಳು. ಭಾರ ಹೊತ್ತ ಹಗ್ಗ ಬಿಚ್ಚುವಾಗ ಎಂಟರ ಆಕಾರದ ಸುತ್ತುಗಳನ್ನು ಒಂದೊಂದಾಗಿ ತೆಗೆ, ಕೊನೆಯ ಸುತ್ತು ಉಳಿಸಿಕೊಂಡು ಸಡಿಲಿಸು, ಕೈ ಪಿನ್ನಿನಿಂದ ಒಂದು ಗೇಣು ದೂರವಿರಲಿ. ಡೆಕ್ ಮೇಲೆ ಬಿದ್ದ ಹಗ್ಗದ ಕುಣಿಕೆಯೊಳಗೆ ಕಾಲಿಡಬೇಡ.

ಡೆಕ್ ಮೇಲೆ ರಾತ್ರಿ ಇದ್ದಾಗಲೂ ಕ್ಲಿಪ್ ಹಾಕು. ಮತ್ತೆ ಅದೇ ಮಾತು ಎಂದುಕೊಳ್ಳುತ್ತೀ. ಲೆಕ್ಕ ನೋಡು. 6 ನಾಟ್ ವೇಗದಲ್ಲಿ ಹಡಗು ನಿಮಿಷಕ್ಕೆ 185 ಮೀಟರ್ ಮುಂದೆ ಹೋಗುತ್ತದೆ. ಬಿದ್ದವರನ್ನು ಕಂಡವರು ಕೂಗಿ, ಲೈಫ್‌ಬಾಯ್ ಎಸೆದು, ಒಬ್ಬರು ಕಣ್ಣು ಕೀಳದೆ ಕೈ ತೋರಿಸುತ್ತ ನಿಂತರೂ, ಯಾರ್ಡ್ ತಿರುಗಿಸಿ ಹಡಗನ್ನು ನಿಲ್ಲಿಸಿ ದೋಣಿ ಇಳಿಸುವಷ್ಟರಲ್ಲಿ ಅಲೆಯ ನಡುವೆ ಒಂದು ತಲೆ ಕಾಣುವ ದೂರ ಎಂದೋ ದಾಟಿರುತ್ತದೆ. ಅದಕ್ಕೇ ನಿನ್ನ ಲೈಫ್‌ಜಾಕೆಟ್ಟಿನ ದೀಪ, ಸೀಟಿ ಎರಡನ್ನೂ ಹೊರಡುವ ದಿನವೇ ಪರೀಕ್ಷಿಸು.

ಉಳಿದದ್ದು ಸಣ್ಣಪುಟ್ಟದ್ದು. ವಾಂತಿಯ ಮಾತ್ರೆ ಹಡಗು ಅಲುಗಾಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದು ನಿದ್ದೆ ತರುವುದರಿಂದ ನುಂಗಿದ ಹೊತ್ತಿನಲ್ಲಿ ಮೇಲೆ ಹತ್ತಬಾರದು, ವಾಚ್ ಲೀಡರಿಗೆ ತಿಳಿಸು. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿ. ಸ್ನಾನಕ್ಕೆ ನಲ್ಲಿ ಬಿಟ್ಟುಕೊಂಡು ನಿಲ್ಲಬೇಡ: ಮೈ ಒದ್ದೆ ಮಾಡು, ನಿಲ್ಲಿಸು, ಸೋಪು ಹಚ್ಚು, ತೊಳೆ. ಉಪ್ಪುನೀರಲ್ಲಿ ನೆನೆದ ಬಟ್ಟೆಯಲ್ಲೇ ಮಲಗಿದರೆ ಮಣಿಕಟ್ಟು, ಸೊಂಟದ ಬಳಿ ಕುರು ಏಳುತ್ತದೆ. ಹಾರ್ನೆಸ್ ಪಟ್ಟಿ ಉಜ್ಜುವುದೂ ಅಲ್ಲಿಯೇ. ಮುರುಗಲು ಸಿಪ್ಪೆ, ಚಟ್ನಿಪುಡಿ ಅಮ್ಮ ಚೀಲದ ತಳದಲ್ಲಿ ಇಟ್ಟಿದ್ದಾಳೆ, ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಿದ್ದನ್ನು ಬಿಚ್ಚಿದರೆ ಮತ್ತೆ ಕಟ್ಟು. ಹಡಗಿನಲ್ಲಿ ತೇವದಿಂದ ಎಲ್ಲವೂ ಬೂಸ್ಟು ಹಿಡಿಯುತ್ತದೆ.

ಆಕಾಶವನ್ನು ಮರೆಯಬೇಡ. ಧ್ರುವ ನಕ್ಷತ್ರ ಕೊಚ್ಚಿಯಲ್ಲಿ ದಿಗಂತದಿಂದ 10 ಡಿಗ್ರಿ ಮೇಲಿರುತ್ತದೆ, ದಿನದಿನವೂ ಇಳಿದು ಸಮಭಾಜಕದ ಬಳಿ ಮಾಯವಾಗುತ್ತದೆ. ಅಗಸ್ತ್ಯ ನಕ್ಷತ್ರ ಉಲ್ಟಾ: ಈಗ ಮಧ್ಯರಾತ್ರಿ ದಕ್ಷಿಣಕ್ಕೆ 27 ಡಿಗ್ರಿ, ವಿಕ್ಟೋರಿಯಾ ತಲುಪುವಾಗ 42. ಸೆಕ್ಸ್‌ಟಂಟ್ ಹಿಡಿದು ನೀನೇ ಅಳೆ, ಜಿಪಿಎಸ್ ನೋಡುವುದು ಆಮೇಲೆ.

ಅಮ್ಮನಿಗೆ ನಾನು ತಾರಿಣಿಯ ಕಥೆ ಹೇಳಿದೆ. 17 ಮೀಟರಿನ ದೋಣಿಯಲ್ಲಿ ನಮ್ಮ ನೌಕಾಪಡೆಯ ಆರು ಹೆಣ್ಣುಮಕ್ಕಳು 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು, ಕೇಪ್ ಹಾರ್ನ್ ಸುತ್ತಿ, 2018ರ ಮೇ ತಿಂಗಳಲ್ಲಿ ವಾಪಸ್ ಬಂದರು ಎಂದೆ. "ಅವರೂ ಯಾರದೋ ಮಕ್ಕಳೇ ಅಲ್ವಾ" ಎಂದಳು. ಆಮೇಲೆ ನೀನು ಹಡಗು ಏರುವ ಸುದ್ದಿಯನ್ನು ಅವಳೇ ಪಕ್ಕದ ಮೂರು ಮನೆಗೂ ಹೇಳಿ ಬಂದಳು. ನನಗೂ ಹೆಮ್ಮೆ ಕೂಸೇ, ಎದೆ ತುಂಬಿ ಬರುವಷ್ಟು.

ಒಂದು ಮಾತು ಮಾತ್ರ ಆಣೆ ಹಾಕಿ ಕೇಳುತ್ತೇನೆ. ಯಾವುದೋ ರಾತ್ರಿ ಮಳೆಯಲ್ಲಿ ಹತ್ತಲು ಕರೆ ಬಂದು, ಬಲಗೈ ಜೋಮು ಹಿಡಿದಂತೆ ಅನಿಸಿದರೆ ಕೆಳಗೇ ಹೇಳು. ಅಟ್ಟಣೆಯವರೆಗೆ ಹೋಗಿ ನೋಡೋಣ ಎಂದುಕೊಳ್ಳಬೇಡ. ಅಲ್ಲಿ ಕೈ ಸೋತರೆ ನಿನ್ನನ್ನು ಇಳಿಸಲು ಇನ್ನಿಬ್ಬರು ಕತ್ತಲಲ್ಲಿ ಹತ್ತಬೇಕಾಗುತ್ತದೆ. ಆ ರಾತ್ರಿ ಬ್ರೇಸ್ ಎಳೆಯುವವರೂ ಬೇಕೇ ಬೇಕು, ಚಕ್ರಕ್ಕೂ ಜನ ಬೇಕು. ವಿಕ್ಟೋರಿಯಾದಲ್ಲಿ ಸಿಮ್ ಸಿಕ್ಕ ಕೂಡಲೇ ಅಮ್ಮನಿಗೆ ಫೋನ್ ಮಾಡು, ನನಗೆ ಆಮೇಲೆ. ನಾನು ಕೇಳುವ ಮೊದಲ ಪ್ರಶ್ನೆ ಏನೆಂದು ನಿನಗೆ ಗೊತ್ತಿದೆ, ಉತ್ತರ ಸಿದ್ಧ ಇಟ್ಟುಕೋ.

ನಿನ್ನ
ಅಪ್ಪ