ಟಿಪ್-ಅಪ್ ಮಾಡುವವನಿಗೆ ಅತ್ತೆಯ ಪತ್ರ

ಚಿ. ಸುಹಾಸನಿಗೆ,

ಅತ್ತೆಯ ಆಶೀರ್ವಾದಗಳು. ಮಿನೆಸೋಟಾದ ಮೊದಲ ಚಳಿಗಾಲದಲ್ಲೇ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೊರಟಿದ್ದೀಯ, ಟಿಪ್-ಅಪ್ಪನ್ನೂ, ಅಂದರೆ ಐಸಿಗೆ ಕೊರೆದ ರಂಧ್ರದ ಮೇಲೆ ಇಟ್ಟರೆ ಮೀನು ಕಚ್ಚಿದ್ದನ್ನು ಬಾವುಟ ಎತ್ತಿ ತೋರಿಸುವ ಸಾಮಾನನ್ನೂ, ಅಂಗಡಿಯಿಂದ ತರದೆ ಮನೆಯಲ್ಲೇ ಮಾಡುತ್ತೀಯ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದರು. ಮಾಡು, ಒಳ್ಳೆಯದೇ. ಮೀನು ಎಳೆದಾಗ ಬಾವುಟ ಏಳುವಂತೆ ಮಾಡುವುದು ಯಾರಿಗೂ ಬರುತ್ತದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಎರಡು ಗಂಟೆ ನಿಂತ ಮೇಲೂ ಅದು ಏಳುವಂತೆ ಮಾಡುವುದೇ ಕೆಲಸ. ಅದಕ್ಕೆ ತಿರುಗುವ ಭಾಗ ಯಾವುದೇ ಇರಲಿ, ನೀರಿನೊಳಗಿರಬೇಕು, ಇಲ್ಲವೇ ಗ್ರೀಸಿನೊಳಗಿರಬೇಕು. ನೀರಿನ ಮಟ್ಟದಲ್ಲಿ ಬರಿದಾಗಿ ನಿಂತದ್ದೆಲ್ಲ ಐಸ್ ಕಟ್ಟಿ ಬಿಗಿಯುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ‘ಒನ್ ಬೈ ಟೂ’ ಎಂದು ಮಾರುವ ಪೈನ್ ಪಟ್ಟಿ ತಾ. ಹೆಸರು ಹಾಗಿದ್ದರೂ ಅಳತೆ ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ. 20 ಇಂಚಿನ ಎರಡು ಅಡ್ಡಪಟ್ಟಿ, 18 ಇಂಚಿನ ಒಂದು ಕಂಬ ಕತ್ತರಿಸು. ಒಂದು ಅಡ್ಡಪಟ್ಟಿ ಅಂಚಿನ ಮೇಲೆ ನಿಲ್ಲಲಿ. ಅದರ ಅಡಿಯಲ್ಲಿ, ನಡುವಿನಿಂದ ಎರಡು ಇಂಚು ಸರಿದು, ಮುಕ್ಕಾಲು ಇಂಚು ಆಳದ ಕಚ್ಚು ಹಾಕಿ ಎರಡನೆಯ ಪಟ್ಟಿಯನ್ನು ಮಲಗಿಸಿ ಕೂರಿಸು. ಆಗ ಎರಡೂ ಐಸಿನ ಮೇಲೆ ಸಮನಾಗಿ ಕೂರುತ್ತವೆ. ಕಂಬವನ್ನು ನಿಂತ ಪಟ್ಟಿಯ ನಡುವಿಗೆ, ತನ್ನ ತುದಿಯಿಂದ 5 ಇಂಚು ಕೆಳಗೆ, ಕಾಲು ಇಂಚಿನ ಚಪ್ಪಟೆ ತಲೆಯ ಬೋಲ್ಟಿನಿಂದ ಸೇರಿಸು. ಬೋಲ್ಟಿನ ತಲೆ ಕಂಬದೊಳಗೆ ಹೂತಿರಲಿ, ಹಿಂದೆ ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಹಾಕು. ಹೀಗೆ ಮಾಡಿದರೆ ಮಡಚಿ ಬಕೆಟ್ಟಿನಲ್ಲಿ ಇಟ್ಟುಕೊಂಡು ಹೋಗಬಹುದು. ಅಡ್ಡಪಟ್ಟಿಗಳನ್ನು ಗಿಡ್ಡ ಮಾಡುವ ಆಸೆ ಬೇಡ. 10 ಇಂಚಿನ ರಂಧ್ರದ ಮೇಲೆ 12 ಇಂಚಿನ ಪಟ್ಟಿ ಇಟ್ಟರೆ ದೊಡ್ಡ ಪೈಕ್ ಮೀನು ಒಂದೇ ಜಗ್ಗಿಗೆ ಇಡೀ ಸಾಮಾನನ್ನು ನೀರಿಗೆಳೆದುಕೊಂಡು ಹೋಗುತ್ತದೆ.

ಐಸ್ ಎರಡು ಅಡಿ ದಪ್ಪವಿದ್ದರೆ ಕಂಬವೂ ಅಷ್ಟು ಉದ್ದ ಬೇಕಲ್ಲ ಎಂದು ನಿನಗೆ ಅನ್ನಿಸಬಹುದು. ಬೇಡ. ಐಸ್ ತೇಲುತ್ತಿರುವುದರಿಂದ ರಂಧ್ರದಲ್ಲಿ ನೀರು ಮೇಲ್ಮೈಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಕಂಬದ ಕೆಳಗೆ ಕೂರುವ, ದಾರ ಸುತ್ತಿದ ರೀಲು ಐಸಿನ ತಳ ದಾಟಬೇಕಿಲ್ಲ, ನೀರಿನ ಮೇಲೆ ಕಟ್ಟುವ ಪೊರೆಗಿಂತ ಸಾಕಷ್ಟು ಕೆಳಗಿದ್ದರೆ ಆಯಿತು.

ರೀಲಿಗೆ ಕಾಲು ಇಂಚು ಪ್ಲೈವುಡ್ಡಿನ 3 ಇಂಚು ವ್ಯಾಸದ ಎರಡು ಬಿಲ್ಲೆ, ನಡುವೆ ಒಂದು ಇಂಚು ಅಗಲದ ಗುಂಡು ತುಂಡು. ಕಂಬದ ಮುಂಭಾಗದಲ್ಲಿ, ತಳದಿಂದ ಒಂದೂವರೆ ಇಂಚು ಮೇಲೆ, ಕಾಲು ಇಂಚಿನ ಬೋಲ್ಟಿನ ಮೇಲೆ ಅದು ತಿರುಗಲಿ. ಇಲ್ಲೇ ಹೆಚ್ಚಿನವರ ಟಿಪ್-ಅಪ್ ಕೆಡುವುದು. ಮರ ನೀರು ಕುಡಿದು ಉಬ್ಬುತ್ತದೆ, ಬಿಗಿಯಾಗಿ ಕೊರೆದ ತೂತು ಬೋಲ್ಟನ್ನು ಹಿಡಿದುಬಿಡುತ್ತದೆ, ಮನೆಯಲ್ಲಿ ಗಿರ್ರನೆ ತಿರುಗಿದ ರೀಲು ಕೆರೆಯಲ್ಲಿ ಕದಲುವುದಿಲ್ಲ. ತೂತನ್ನು ಐದು-ಹದಿನಾರಾಂಶ ಇಂಚು ಕೊರೆ, ಅದರ ಒಳಗೋಡೆಗೂ ಸೇರಿಸಿ ಮರಕ್ಕೆಲ್ಲ ದೋಣಿಗೆ ಬಳಿಯುವ ವಾರ್ನಿಷ್ ಮೂರು ಕೈ ಹೊಡೆ. ಎರಡೂ ಕಡೆ ನೈಲಾನ್ ವಾಷರ್ ಇಡು. ನಟ್ಟು ಮಾತ್ರ ಒಳಗೆ ನೈಲಾನ್ ಉಂಗುರವಿರುವ ಲಾಕ್ ನಟ್ಟೇ ಆಗಬೇಕು, ಸಾದಾ ನಟ್ಟು ತಿರುಗುತ್ತ ತಿರುಗುತ್ತ ಸಡಿಲವಾಗುತ್ತದೆ. ಬೆರಳಿನಿಂದ ಜೋರಾಗಿ ತಿರುಗಿಸಿ ಬಿಟ್ಟರೆ ರೀಲು ಒಂದು ಸುತ್ತಿನೊಳಗೆ ನಿಲ್ಲುವಷ್ಟು ಬಿಗಿ ಇರಲಿ. ಇನ್ನೂ ಸಡಿಲವಾದರೆ ಮೀನು ಓಡಿ ನಿಂತಾಗ ರೀಲು ತಾನೇ ತಿರುಗಿ ದಾರ ಗೋಜಲಾಗುತ್ತದೆ.

ಈಗ ಬಾವುಟದ ಕೀಲು. ಎಂಟನೇ ಒಂದು ಇಂಚಿನ ಹಿತ್ತಾಳೆ ಸರಳನ್ನು ಕಾಲು ಇಂಚಿನ ತಾಮ್ರದ ಕೊಳವೆಯೊಳಗೆ ತೂರಿಸು. ಕೊಳವೆ ಹದಿಮೂರೂವರೆ ಇಂಚು ಉದ್ದವಿದ್ದು, ಕಂಬದ ಮುಂಭಾಗದ ನಡುವಿನಲ್ಲಿ ರೀಲಿನ ಅಂಚಿಗಿಂತ ಅರ್ಧ ಇಂಚು ಮೇಲಕ್ಕೆ ಮುಗಿಯಲಿ. ಕೊಳವೆಗೆ ತೀವ್ರ ಚಳಿಗೆಂದೇ ಬರುವ ಗ್ರೀಸ್ ಒತ್ತಿ ತುಂಬು. ಸಾದಾ ಗ್ರೀಸ್ ಈ ಚಳಿಯಲ್ಲಿ ಮೇಣದ ಹಾಗೆ ಗಟ್ಟಿಯಾಗುತ್ತದೆ. ಸ್ಕ್ರೂ ಉಂಗುರಗಳಲ್ಲಿ ಬರೀ ಸರಳನ್ನು ನಿಲ್ಲಿಸುವ ವಿಧಾನವೂ ಇದೆ, ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಆದರೆ ನೀರಿನ ಪೊರೆ ಕಟ್ಟಿದ ಕೂಡಲೇ ಸರಳು ಅದರಲ್ಲಿ ಸಿಕ್ಕಿಬೀಳುತ್ತದೆ, ಮೀನು ಎರೆ ತಿಂದು ಹೋದರೂ ಬಾವುಟ ಮಲಗಿಯೇ ಇರುತ್ತದೆ.

ಸರಳಿನ ಕೆಳತುದಿಯನ್ನು ಮುಂದಕ್ಕೆ ಬಗ್ಗಿಸಿ ರೀಲಿನ ಮುಂದಿನ ಬಿಲ್ಲೆಯ ಮೇಲೆ ಚಾಚಿಸು. ಆ ಬಿಲ್ಲೆಯ ಅಂಚಿಗೆ ಒಂದು ಹಿತ್ತಾಳೆ ಸ್ಕ್ರೂ ಹಾಕಿ, ತಲೆ ಕತ್ತರಿಸಿ, ಅರ್ಧ ಇಂಚಿನಷ್ಟು ಉಳಿಸಿ ಅರದಿಂದ ನುಣ್ಣಗೆ ಉಜ್ಜು. ಒರಟಾಗಿದ್ದರೆ ದಾರ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ರೀಲು ತಿರುಗಿದಾಗ ಈ ಮೊಳೆ ಸರಳಿನ ಕೈಯನ್ನು ಪಕ್ಕಕ್ಕೆ ತಳ್ಳುತ್ತದೆ, ಸರಳು ತಿರುಗುತ್ತದೆ. ಮೇಲ್ತುದಿಯನ್ನು ಹಿಂದಕ್ಕೆ ಒಂದು ಇಂಚು ಬಗ್ಗಿಸಿರುತ್ತೀಯ, ಬಾವುಟದ ತಂತಿಯನ್ನು ಅದರ ಕೆಳಗೆ ಸಿಕ್ಕಿಸುವುದು. ತಂತಿ ಆ ಕೈಯ ತೀರಾ ತುದಿಯಲ್ಲೇ, ಎಂಟನೇ ಒಂದು ಇಂಚಿನೊಳಗೆ ಕೂರಬೇಕು. ಒಳಕ್ಕೆ ತಳ್ಳಿದರೆ ಸರಳು ತಿರುಗಿದರೂ ತಂತಿ ಬಿಡುವುದಿಲ್ಲ, ಏಕೆಂದರೆ ಮೊಳೆ ಒಮ್ಮೆ ಹಾದುಹೋದರೆ ಸರಳು ಕಾಲು ಸುತ್ತೂ ತಿರುಗುವುದಿಲ್ಲ.

ಬಾವುಟಕ್ಕೆ ಹದಿನಾರನೇ ಒಂದು ಇಂಚಿನ ಪಿಯಾನೊ ತಂತಿ, 18 ಇಂಚು. ನಿಂತ ಪಟ್ಟಿಯ ತುದಿಗೆ ಬಿಗಿಯುವ ಮೊದಲು ಬುಡದಲ್ಲಿ ಒಂದು ಸುತ್ತು ಸುರುಳಿ ಮಾಡು, ಇಲ್ಲದಿದ್ದರೆ ಬಗ್ಗಿಸಿಟ್ಟ ತಂತಿ ಹಾಗೇ ಬಗ್ಗಿ ಉಳಿಯುತ್ತದೆ. ಬಟ್ಟೆ ಕಿತ್ತಳೆ ಬಣ್ಣದ್ದು, ಅಂಗೈಗಿಂತ ಚಿಕ್ಕದಿರಲಿ. ದೊಡ್ಡದಾದರೆ ಗಾಳಿಯೇ ಅದನ್ನು ಎಬ್ಬಿಸುತ್ತದೆ.

ಕೆರೆಗೆ ಒಯ್ಯುವ ಮೊದಲು ಹಿತ್ತಲಲ್ಲಿ ಬಕೆಟ್ ತುಂಬ ನೀರಿಟ್ಟು, ಟಿಪ್-ಅಪ್ಪನ್ನು ಅದರ ಮೇಲೆ ಕೂರಿಸಿ, ಮೇಲೆ ಪೊರೆ ಕಟ್ಟುವವರೆಗೆ ಬಿಡು. ಆಮೇಲೆ ದಾರವನ್ನು ಬೆರಳಿನಿಂದ ಮೆಲ್ಲಗೆ ಎಳೆ. ಬಾವುಟ ಏಳದಿದ್ದರೆ ದೋಷ ಮನೆಯಲ್ಲೇ ಗೊತ್ತಾಯಿತು.

ದಾರ 30 ಪೌಂಡ್ ತಾಳುವ ಹೆಣೆದ ಡೇಕ್ರಾನ್ (ಪಾಲಿಯೆಸ್ಟರ್ ದಾರ), 50 ಗಜ. ತುದಿಯನ್ನು ರೀಲಿಗೆ ತೂತು ಕೊರೆದು ಕಟ್ಟು, ಬರೀ ಸುತ್ತಿ ಬಿಟ್ಟರೆ ದಾರವೆಲ್ಲ ಮೀನಿನ ಪಾಲು. ಕೊನೆಗೆ ಒಂದು ಸ್ವಿವೆಲ್, ಅಂದರೆ ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ. ವಾಲೈ ಮೀನಿಗಾದರೆ ಅದರಾಚೆ ಎರಡು-ಮೂರು ಅಡಿ 10 ಪೌಂಡಿನ ಫ್ಲೋರೊಕಾರ್ಬನ್ ದಾರ, ಪೈಕಿಗಾದರೆ ಒಂದು ಅಡಿ ಉಕ್ಕಿನ ತಂತಿ, ಅದರ ಹಲ್ಲಿಗೆ ಸಾದಾ ದಾರ ನಿಲ್ಲದು. ಎರೆಯಾಗಿ ಶೈನರ್ ಮೀನನ್ನು ಬೆನ್ನಿನ ರೆಕ್ಕೆಯ ಹಿಂದೆ ಕೊಕ್ಕೆಗೆ ಸಿಕ್ಕಿಸು, ಒಂದೂವರೆ ಅಡಿ ಮೇಲೆ ಸಣ್ಣ ತೂಕದ ಗುಂಡು ಕಚ್ಚಿಸು. ಕೊಕ್ಕೆಗೆ ಭಾರ ಕಟ್ಟಿ ತಳ ಮುಟ್ಟಿಸಿ ಆಳ ನೋಡು. ವಾಲೈಗೆ ತಳದಿಂದ ಅರ್ಧದಿಂದ ಒಂದು ಅಡಿ ಮೇಲೆ, ಪೈಕಿಗೆ ನೀರುಗಿಡಗಳ ನೆತ್ತಿಯ ಮೇಲೆ ಎರೆ ನಿಲ್ಲಲಿ. ಆ ಆಳಕ್ಕೆ ದಾರದಲ್ಲಿ ಒಂದು ಅಂಗಿ ಗುಂಡಿ ಪೋಣಿಸಿಟ್ಟರೆ ಪ್ರತಿ ಸಲ ಅಳೆಯುವುದು ತಪ್ಪುತ್ತದೆ. ಕೊನೆಗೆ ರೀಲು ಬಿಚ್ಚುವ ದಿಕ್ಕಿನಲ್ಲಿ ಮೊಳೆ ಸರಳಿನ ಕೈಯನ್ನು ಮುಟ್ಟುವಷ್ಟು ಹತ್ತಿರ ತಂದು ನಿಲ್ಲಿಸು.

ಬಾವುಟ ಎದ್ದರೆ ಓಡು, ಆದರೆ ಹತ್ತಿರ ಹೋದ ಮೇಲೆ ಹೆಜ್ಜೆ ಮೆಲ್ಲಗಿಡು. ಮೊದಲು ರೀಲು ತಿರುಗುತ್ತಿದೆಯೇ ನೋಡು. ತಿರುಗುತ್ತಿದ್ದರೆ ನಿಲ್ಲುವವರೆಗೆ ತಾಳು, ಟಿಪ್-ಅಪ್ ಎತ್ತಿ ಪಕ್ಕಕ್ಕಿಡು, ದಾರ ಬಿಗಿಯಾದಾಗ ಒಮ್ಮೆ ಜಗ್ಗಿ, ಒಂದು ಕೈಯ ಮುಂದೆ ಇನ್ನೊಂದು ಕೈ ಹಾಕುತ್ತ ಎಳೆ. ದಾರವನ್ನು ಕೈಗೆ ಎಂದೂ ಸುತ್ತಿಕೊಳ್ಳಬೇಡ, ಪೈಕ್ ರಂಧ್ರದ ಬಾಯಿಗೆ ಬಂದ ಮೇಲೆ ಮತ್ತೊಮ್ಮೆ ಧುಮುಕುತ್ತದೆ, ಚರ್ಮ ಕೊಯ್ಯುತ್ತದೆ. ಎಳೆದ ದಾರ ನಿನ್ನ ಕಾಲಡಿ ಬೀಳದೆ ಒಂದೇ ಕಡೆ ಬೀಳಲಿ. ಬಾವುಟ ಏಳದಿದ್ದರೂ ಆಗಾಗ ಜಾಲರಿ ಸೌಟಿನಿಂದ ರಂಧ್ರದ ಪೊರೆ ತೆಗೆಯುತ್ತಿರು, ದಾರವೂ ಹಾಗೇ ಹೆಪ್ಪುಗಟ್ಟೀತು.

ಮಿನೆಸೋಟಾದಲ್ಲಿ ಐಸಿನ ಮೇಲೆ ಒಬ್ಬನಿಗೆ ಎರಡೇ ದಾರ. ಟಿಪ್-ಅಪ್ ಕಣ್ಣಿಗೆ ಕಾಣುವಂತೆ 200 ಅಡಿಯೊಳಗಿರಬೇಕು. ಆದ್ದರಿಂದ ಆರು ಮಾಡಿ ಗುಡ್ಡೆ ಹಾಕಬೇಡ, ಎರಡನ್ನು ಚೆನ್ನಾಗಿ ಮಾಡು. ಪೈಕಿನ ಅಳತೆ, ಸಂಖ್ಯೆಯ ನಿಯಮ ರಾಜ್ಯದ ವಲಯದಿಂದ ವಲಯಕ್ಕೆ ಬೇರೆ, ಆ ವರ್ಷದ ಮೀನುಗಾರಿಕೆ ನಿಯಮಗಳ ಪುಸ್ತಿಕೆ ನೋಡಿಕೋ.

ಐಸಿನ ವಿಷಯದಲ್ಲಿ ಮಾತ್ರ ಗೆಳೆಯರ ಮಾತು ಕೇಳಬೇಡ. ನಡೆಯಲು ಗಟ್ಟಿಯಾದ ತಿಳಿ ಐಸ್ ಕನಿಷ್ಠ 4 ಇಂಚು ಬೇಕು, ಹಿಮ ನೆನೆದು ಕಟ್ಟಿದ ಬಿಳಿ ಐಸಾದರೆ ಅದರ ಎರಡರಷ್ಟು. ದಡದಲ್ಲಿ ಒಮ್ಮೆ ಅಳೆದು ನಂಬಬೇಡ, ಹಾರೆಯಿಂದ ಕುಟ್ಟುತ್ತ, ಮುಂದೆ ಹೋದಂತೆ ಮತ್ತೆ ಕೊರೆದು ನೋಡು. ಹೊಳೆ ಕೂಡುವ ಬಾಯಿ, ಸೇತುವೆಯಡಿ, ಬುಗ್ಗೆಯ ಜಾಗ ಯಾವಾಗಲೂ ತೆಳು. ಐಸ್ ಒಡೆದು ಬಿದ್ದರೆ ಹಿಡಿದು ಮೇಲೇರಲು ಎರಡು ಮೊನೆಗೂಟ ಕುತ್ತಿಗೆಯಲ್ಲಿ ತೂಗಿರಲಿ, ಚೀಲದೊಳಗಿದ್ದರೆ ಪ್ರಯೋಜನವಿಲ್ಲ.

ಮರಳುವಾಗ ಎರೆಮೀನಿನ ಡಬ್ಬಿಯಲ್ಲಿ ಕೆರೆಯ ನೀರು ಉಳಿಯಬಾರದು, ಚೆಲ್ಲಿ ಮನೆಯಿಂದ ಒಯ್ದ ನೀರು ತುಂಬಿಸು, ಅದೂ ನಿಯಮವೇ. ರೀಲಿನ ದಾರವನ್ನು ಒದ್ದೆಯಾಗೇ ಬಿಡದೆ ಬಿಚ್ಚಿ ಒಣಗಿಸು. ಪೈಕ್ ಸಿಕ್ಕರೆ ಕವಲು ಮುಳ್ಳು ತೆಗೆಯುವ ಬಗೆ ಫೋನಿನಲ್ಲಿ ಹೇಳುತ್ತೇನೆ, ಅಲ್ಲಿಯವರೆಗೆ ಸಾರಿಗೆ ಹಾಕಬೇಡ.

ಇಂತಿ,
ನಿನ್ನ ಅತ್ತೆ